ಹುಲ್ಲಣ್ಣನ ಆರು ಅಂಗುಲ

ಫುಟ್‌ಬಾಲ್ ಎಂದರೆ ಜನ ಆಟಗಾರರನ್ನು ಹೊಗಳುತ್ತಾರೆ, ತರಬೇತುದಾರರನ್ನು ಬೈಯುತ್ತಾರೆ. ಇಪ್ಪತ್ತೆರಡು ಜೋಡಿ ಬೂಟುಗಳು ತುಳಿದ ನೆಲಕ್ಕೆ ಮರುದಿನ ನೀರು ಹಾಕುವವರನ್ನು ಯಾರೂ ಕೇಳುವುದಿಲ್ಲ. ಆ ಕೆಲಸವನ್ನು ಮೂವತ್ನಾಲ್ಕು ವರ್ಷ ಮಾಡಿ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ ಹುಲ್ಲಣ್ಣ ಎಂದೇ ಕರೆಯುವ ನಮ್ಮ ಮೈದಾನದ ಮೇಲ್ವಿಚಾರಕರಿಗೆ ಅಭಿನಂದನ ಗ್ರಂಥ ತರುತ್ತಿರುವುದು ನ್ಯಾಯವಾದ ಕೆಲಸ. ನಾನು ಬಸ್ ರಿಪೇರಿ ವರ್ಕ್‌ಶಾಪಿನ ಫಿಟ್ಟರ್, ಈ ಮೈದಾನದ ತಂಡದ ಹಳೆಯ ಗೋಲ್‌ಕೀಪರ್, ಹಳ್ಳಿ ಶಾಲೆಯಲ್ಲಿ ಓದಿದವನು. ಸಂಪಾದಕರು ಸಿಟ್ಟು ಬಿಟ್ಟು ಬರೆಯಲು ಹೇಳಿದ್ದಾರೆ. ಪ್ರಯತ್ನಿಸುತ್ತೇನೆ.

ತಂಡ ಸೇರಿದ ಮೊದಲ ವಾರವೇ ಹರಿದ ನನ್ನ ಕೈಗವಸನ್ನು ಅವರು ಬಲೆ ಹೊಲಿಯುವ ದಾರದಲ್ಲಿ ಹೊಲಿದುಕೊಟ್ಟರು. ಹೊಲಿಗೆ ಎಷ್ಟು ಗಟ್ಟಿಯೆಂದರೆ ಎರಡು ಬೆರಳು ಒಂದೇ ಆಗಿಹೋಗಿದ್ದವು. ನನ್ನ ಹಿಮ್ಮಡಿ ಗೋಲಿನ ಬಾಯಲ್ಲಿ ತೋಡಿದ ಗುಂಡಿಯನ್ನೂ ಅವರೇ ಮುಚ್ಚುತ್ತಿದ್ದರು. "ಮಣ್ಣು ಕುಸಿಯುತ್ತೆ ತಮ್ಮಾ, ಒಂದು ಬುಟ್ಟಿ ಜಾಸ್ತೀನೇ ಇರ್ಲಿ" ಎನ್ನುತ್ತಿದ್ದರು. ಮಣ್ಣು ಕುಸಿಯಲಿಲ್ಲ. ವರ್ಷ ವರ್ಷವೂ ಎರಡೂ ಗೋಲಿನ ಬಾಯಲ್ಲಿ ನೆಲ ಏರುತ್ತಲೇ ಹೋಯಿತು. ಅಧಿಕಾರಿಗಳು ಬಂದರೆ ಗೆರೆ ನೋಡುತ್ತಿದ್ದರು, ಬಲೆ ನೋಡುತ್ತಿದ್ದರು. ಕಬ್ಬಿಣದ ಕಂಬ ಗಿಡ್ಡವಾಗುತ್ತದೆಂದು ಯಾರಿಗೆ ಗೊತ್ತು?

ಹತ್ತೊಂಬತ್ತು ವರ್ಷದ ಹಿಂದಿನ ರಾಷ್ಟ್ರೀಯ ಕಪ್ ಅದು. ಒಂದು ಪಂದ್ಯ ಸೋತರೆ ಮನೆಗೆ ಹೋಗುವ ಕಪ್. ಚೀಟಿ ಎತ್ತಿದಾಗಲೆಲ್ಲ ನಮ್ಮದೇ ಮೈದಾನ ಬಂತು. ದೊಡ್ಡ ದೊಡ್ಡ ತಂಡಗಳು ಬಂದು ಒದ್ದ ಚೆಂಡುಗಳು ಮೇಲಿನ ಅಡ್ಡಪಟ್ಟಿಗೆ ಬಡಿದು ಬಡಿದು ವಾಪಸ್ಸಾದವು. ನಾಲ್ಕು ಸುತ್ತು ಗೆದ್ದೆವು. ಪತ್ರಿಕೆಯವರು ನನ್ನನ್ನು ಕೋಟೆಬಾಗಿಲು ಎಂದು ಕರೆದರು. ನಾನು ಹಿಗ್ಗಿ ಹೀರೇಕಾಯಿಯಾದೆ; ಮನೆಯಾಕೆ ಚಹಾ ಕೊಡುವಾಗಲೂ "ತಗೊಳ್ಳಿ, ಕೋಟೆಬಾಗಿಲು" ಎನ್ನತೊಡಗಿದಳು.

ಸೆಮಿಫೈನಲ್ಲಿಗೆ ಕಪ್ ಸಮಿತಿಯವರು ಹೊಸ ಬಲೆ ಕಳಿಸಿದರು. ಹಿಂದಿನ ದಿನ ಕಟ್ಟಿ ನೋಡಿದರೆ ಬಲೆ ಆರು ಅಂಗುಲ ನೆಲದ ಮೇಲೆ ಮಡಿಚಿ ಬಿದ್ದಿತ್ತು. ಹುಲ್ಲಣ್ಣ ಟೇಪು ತಂದು ಅಳೆದರು. ನಾನು ಅಭ್ಯಾಸಕ್ಕೆ ಬಂದಾಗ ಅವರು ಸಲಿಕೆ ಹಿಡಿದು ಅಗೆಯುತ್ತಿದ್ದರು.

"ಏನಣ್ಣಾ, ನಾಳೆ ಸೆಮಿಫೈನಲ್, ಇವತ್ತು ಬಾವಿ ತೋಡ್ತಿದ್ದೀರಾ?"

"ಗೋಲು ಆರು ಅಂಗುಲ ಗಿಡ್ಡ ಇದೆ ತಮ್ಮಾ."

"ಎರಡೂ ಕಡೆ ಗಿಡ್ಡ ಇದೆಯಲ್ಲ, ನ್ಯಾಯವಾಗೇ ಇದೆ!"

"ನಿಂಗೆ ಅಭ್ಯಾಸ ಇದೆ. ಬಂದೋರಿಗೆ ಇಲ್ಲ."

"ಯಾರಿಗೂ ಗೊತ್ತಿಲ್ಲ ಕಣಣ್ಣಾ! ನಾಳೆ ಒಂದಿನ ಬಾಯಿ ಮುಚ್ಕೊಂಡಿರಿ."

"ನಂಗೆ ಗೊತ್ತಾಯ್ತಲ್ಲಪ್ಪ."

ನಾನು ಸಲಿಕೆ ಕಿತ್ತುಕೊಂಡೆ. ಅವರು ಸಿಟ್ಟಾಗದೆ, "ಹೇಗೂ ಹಿಡ್ಕೊಂಡಿದ್ದೀಯ, ಆ ಕಡೆ ಗೋಲು ನೀನೇ ಅಗಿ" ಎಂದರು. ಸಿಟ್ಟಿಗೆ ಬುದ್ಧಿ ಇರುವುದಿಲ್ಲ. ಹಲ್ಲು ಕಡಿಯುತ್ತ ಸಂಜೆಯವರೆಗೂ ಅಗೆದೆ. ಅವರು ಸಮಿತಿಗೂ ಪತ್ರ ಬರೆದು ತಪ್ಪೊಪ್ಪಿಕೊಂಡರು. ಹಿಂದಿನ ಪಂದ್ಯಗಳ ಮೇಲೆ ದೂರು ಕೊಡುವ ಗಡುವು ಮುಗಿದಿದ್ದರಿಂದ ಫಲಿತಾಂಶಗಳು ಉಳಿದವು.

ಮರುದಿನ ಕೊನೆಯ ನಿಮಿಷದವರೆಗೂ ಸಮಸಮ. ಆಗ ದೂರದಿಂದ ಒಂದು ಚೆಂಡು ತೇಲಿ ಬಂತು. ಇಷ್ಟು ವರ್ಷ ನೋಡಿದ ಕಣ್ಣು, ಮೇಲೆ ಹೋಗುವ ಚೆಂಡೆಂದು ಹೇಳಿತು. ಕೈಕಟ್ಟಿ ಬಿಟ್ಟೆ. ಅದು ಅಡ್ಡಪಟ್ಟಿಯ ಕೆಳಗೆ, ನಾನೇ ಅಗೆದುಕೊಟ್ಟ ಆರು ಅಂಗುಲದಲ್ಲಿ ನುಸುಳಿ ಬಲೆಯಲ್ಲಿ ಕೂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜನ ನನ್ನ ವಂಶವನ್ನೆಲ್ಲ ಜಾಲಾಡಿದರು. ಆಗ ಹುಲ್ಲಣ್ಣ ಬೆಂಚು ಹತ್ತಿ ಕೂಗಿದರು: "ಅವನನ್ನ ಬೈಬೇಡ್ರಪ್ಪಾ! ವರ್ಷಗಟ್ಲೆ ತಪ್ಪು ಗೋಲಲ್ಲಿ ನಿಲ್ಸಿದ್ದು ನಾನು. ಅವನ ಕಣ್ಣು ಸರೀಗಿದೆ, ನನ್ನ ಮಣ್ಣು ಸರಿ ಇರ್ಲಿಲ್ಲ." ಬೈಗುಳವೆಲ್ಲ ಅವರ ಕಡೆ ತಿರುಗಿತು. ಅವರು ಅಷ್ಟನ್ನೂ ಕೇಳಿಸಿಕೊಂಡು, ಇಳಿದು, ಗೋಲಿನ ಬಾಯಿಗೆ ನೀರು ಹಾಕಲು ಹೋದರು.

ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಅವರು ಹುಲ್ಲಿನ ಜೊತೆ ಮಾತಾಡುತ್ತಿದ್ದರು. ಆ ಎರಡು ತಿಂಗಳೂ ದಿನ ಬೆಳಿಗ್ಗೆ, ತಮ್ಮ ನೋಯುವ ಭುಜದಲ್ಲೇ, ಅಡ್ಡಪಟ್ಟಿಯ ಎತ್ತರಕ್ಕೆ ಐವತ್ತು ಚೆಂಡು ಎಸೆದು ನನ್ನ ಕಣ್ಣು ತಿದ್ದಿದವರೂ ಅವರೇ. ಆಮೇಲೆ ಏಳು ವರ್ಷ ಆಡಿದೆ. ಕಪ್ ಗೆಲ್ಲಲಿಲ್ಲ. ಹಿಡಿದ ಚೆಂಡುಗಳನ್ನು ಮಾತ್ರ ನಾನೇ ಹಿಡಿದೆ, ಮಣ್ಣು ಹಿಡಿಯಲಿಲ್ಲ.

ಹುಲ್ಲಣ್ಣ ನೂರು ವರ್ಷ ಗಟ್ಟಿಯಾಗಿರಲಿ. ಹೊಸಬರು ಮಣ್ಣು ಹಾಕಿದಾಗಲೆಲ್ಲ ಟೇಪು ಹಿಡಿದು ಬರಲಿ. ಇನ್ನೊಂದು ತುದಿ ಹಿಡಿಯಲು ನಾನಿದ್ದೇನೆ, ಬೈಯುತ್ತಲೇ ಹಿಡಿಯುತ್ತೇನೆ.