ಹೆಣ ಹೊತ್ತವಳ ರಾಜಪಾರ್ಟು

ರಾಜನ ಶವಪೆಟ್ಟಿಗೆ ರಂಗದ ಮೇಲೆ ಬಂದಾಗ ಇಡೀ ನಾಟಕಶಾಲೆಯಲ್ಲಿ ಚಪ್ಪಾಳೆ ತಟ್ಟಿದವನು ಮಸಾಯೊಶಿ ಒಬ್ಬನೇ. ತಟ್ಟಿದ್ದೂ ಹಾಗೆ ಹೀಗೆ ಅಲ್ಲ, ಎದ್ದು ನಿಲ್ಲುವುದೊಂದು ಬಾಕಿ, ಅಷ್ಟು ಹುರುಪಿನಿಂದ.

ಅವನ ಲೆಕ್ಕದಲ್ಲಿ ಅವನ ತಪ್ಪೇನೂ ಇರಲಿಲ್ಲ. "ನಮ್ಮ ಹುಡುಗಿ ಎಡಗಡೆಯಿಂದ ಬರ್ತಾಳೆ, ನೋಡ್ತಿರಿ" ಎಂದು ಅತ್ತೆ ಹಿಸಾನೋ ಮೊದಲೇ ಹೇಳಿದ್ದರು. ಹುಡುಗಿ ಎಡಗಡೆಯಿಂದಲೇ ಬಂದಳು. ಪೆಟ್ಟಿಗೆಯ ಹಿಂದಿನ ಮೂಲೆಗೆ ಹೆಗಲು ಕೊಟ್ಟಿದ್ದವಳು ಅವಳೇ. ಆದರೆ ರಂಗದ ಮೇಲೆ ರಾಣಿ ಅಳುತ್ತಿದ್ದಳು, ಕೆಳಗೆ ಹೆಂಗಸರೆಲ್ಲ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ರಾಜ ಸತ್ತಿದ್ದಕ್ಕೆ ಇಷ್ಟು ಖುಷಿಪಡುವ ಮನುಷ್ಯ ಯಾರಪ್ಪ ಎಂದು ಸಾಲುಸಾಲೇ ತಿರುಗಿ ನೋಡಿತು. ಹಿಸಾನೋ ತಿರುಗಲಿಲ್ಲ. ಮೊಣಕಾಲನ್ನು ಆಚೆಗೆ ಸರಿಸಿ, ಈ ಗಂಡಸು ತನಗೆ ಯಾವ ಕಡೆಯಿಂದಲೂ ನೆಂಟನಲ್ಲ ಎಂಬಂತೆ ಕುಳಿತರು.

ಹೊರಗೆ ಬಂದ ಮೇಲೆ ಒಂದೇ ಮಾತು. "ಅಳಿಯಂದ್ರೇ, ಹೆಣ ಚೆನ್ನಾಗಿತ್ತಾ?"

ಜಪಾನಿನ ತಕರಜುಕಾ ಊರಿನಲ್ಲಿ ಹುಟ್ಟಿದ ಗಂಡಸರಿಗೆ ಆ ನಾಟಕಶಾಲೆ ಎಂದರೆ ಹೆಂಡತಿಯೋ ಅತ್ತೆಯೋ ಹೋಗಿ ಸೇರಿಕೊಳ್ಳುವ ಜಾಗ. ಅಲ್ಲಿ ರಾಜನೂ ಹೆಂಗಸೇ, ಕಳ್ಳನೂ ಹೆಂಗಸೇ, ಹೆಣ ಹೊರುವ ನಾಲ್ವರೂ ಹೆಂಗಸರೇ. ಮಸಾಯೊಶಿ ಗೀಸರ್ ರಿಪೇರಿ ಮಾಡುವವನು. ಊರಿನ ಬಚ್ಚಲುಮನೆಗಳೆಲ್ಲ ಅವನಿಗೆ ಗೊತ್ತಿದ್ದವು, ನಾಟಕಶಾಲೆ ಗೊತ್ತಿರಲಿಲ್ಲ. ಅತ್ತೆಯ ಜೊತೆ ಯಾವಾಗಲೂ ಹೋಗುತ್ತಿದ್ದ ತೊಮಿಯೆ ಎಂಬ ಗೆಳತಿ ಸೊಂಟ ಹಿಡಿದುಕೊಂಡು ಮಲಗಿದ್ದರಿಂದ ಅವನಿಗೆ ಈ ಯೋಗ ಒದಗಿತ್ತು. ಖಾಲಿ ಕುರ್ಚಿ ಬಿಟ್ಟರೆ ರಂಗದ ಮೇಲಿನಿಂದ ಹುಡುಗಿಯರ ಕಣ್ಣಿಗೆ ಅದೇ ರಾಚುತ್ತದಂತೆ. ಹಾಗಾಗಿ ಖಾಲಿ ಕುರ್ಚಿಗಿಂತ ಅಳಿಯ ವಾಸಿ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಹಿಸಾನೋ ಅವರದು ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಗಂಡ ಹೋದ ಮೇಲೂ ಅಂಗಡಿ ಮುಚ್ಚಲಿಲ್ಲ. ಬೆಳಗ್ಗೆ ಹಬೆಯೊಳಗೆ ನಿಂತರೆ ಮಧ್ಯಾಹ್ನದ ಹೊತ್ತಿಗೆ ಅವರೇ ಬೆಂದ ಮಾಂಜೂ ಕಡುಬಿನಂತೆ ಕಾಣುತ್ತಿದ್ದರು. ಮಾತು ಕಮ್ಮಿ. ನಗು ಇನ್ನೂ ಕಮ್ಮಿ. ಇಷ್ಟು ಒಣಗಿದ ಮನುಷ್ಯರಿಗೆ ಅಷ್ಟು ಜರತಾರಿ, ಅಷ್ಟು ಪುಕ್ಕಗಳ ನಾಟಕ ಹೇಗೆ ರುಚಿಸುತ್ತದೆ ಎಂದು ಮಸಾಯೊಶಿಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಆಮೇಲೆ ತಿಳಿಯಿತು, ಅವರು ಪುಕ್ಕ ಕಟ್ಟಿಕೊಂಡು ಮೆಟ್ಟಿಲಿಳಿಯುವ ದೊಡ್ಡ ನಟಿಯನ್ನು ನೋಡುವುದೇ ಇಲ್ಲ. ಅವರ ಕಣ್ಣು ಯಾವಾಗಲೂ ಕೊನೆಯ ಸಾಲಿನ ಮೇಲೆ.

"ದೊಡ್ಡವಳಿಗೇನು, ಊರೆಲ್ಲಾ ಇದೆ" ಎನ್ನುತ್ತಿದ್ದರು. "ಹಿಂದಿನವಳನ್ನ ಯಾರಾದ್ರೂ ನೋಡ್ತಿರಬೇಕಲ್ಲ."

ಹಾಗೆ ನೋಡುತ್ತ ಬಂದ ಹುಡುಗಿಯರಲ್ಲಿ ಒಬ್ಬಳು ನಿಜವಾಗಿಯೂ ಪುಕ್ಕ ಕಟ್ಟಿಕೊಂಡು ಮೆಟ್ಟಿಲಿಳಿದಳು. ಆ ದಿನವೇ ಹಿಸಾನೋ ಅವಳನ್ನು ಬಿಟ್ಟರು. ಇನ್ನೊಬ್ಬಳು ಒಕಾಯಾಮಾದ ಹಲ್ಲಿನ ಡಾಕ್ಟರನ್ನು ಮದುವೆಯಾಗಿ ಹೋದಳು. ಅದರ ನಂತರ ಬಂದವಳೇ ಅಸಾಗಿ ತೋಯಾ. ಉದ್ದನೆಯ ಕತ್ತಿನ, ಹೆದರಿದರೆ ಗಂಟಲು ಒಡೆಯುವ, ಗಂಡುಪಾರ್ಟಿನ ಹುಡುಗಿ. ಒಂದು ನಾಟಕದಲ್ಲಿ ದೀಪ ಹಿಡಿದಳು, ಒಂದರಲ್ಲಿ ಕುದುರೆಯ ಲಗಾಮು ಹಿಡಿದಳು, ಈಗ ಹೆಣ ಹಿಡಿದಿದ್ದಳು. ಚಳಿಗಾಲದ ಒಂದು ಬೆಳಗ್ಗೆ ಅವಳ ಅಭಿಮಾನಿ ಸಂಘದ ಹೆಂಗಸರೆಲ್ಲ ಒಂದೇ ಬಣ್ಣದ ಸ್ಕಾರ್ಫ್ ಕಟ್ಟಿಕೊಂಡು ಹಿಂಬಾಗಿಲ ದಾರಿಯಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದಾಗ, ಒಳಗೆ ಹೋಗುತ್ತಿದ್ದ ತೋಯಾ ಹಿಸಾನೋ ಮುಂದೆ ನಿಂತು "ಮಂಡಿ ನೋಯಲ್ವಾ ಅಮ್ಮಾ?" ಎಂದು ಕೇಳಿದ್ದಳು. ಅಂದು ಅಂಗಡಿಯಲ್ಲಿ ಗಿರಾಕಿಯೊಬ್ಬರ ಪ್ಯಾಂಟಿಗೆ ಎರಡು ಕಡೆ ಮಡಿಕೆ ಬಿತ್ತು.

ಪ್ರತಿ ನಾಟಕಕ್ಕೂ ಒಂದು ಸಂಜೆ ಎಳೆಯರ ಆಟ ಇರುತ್ತದೆ. ದೊಡ್ಡವರೆಲ್ಲ ಪಕ್ಕಕ್ಕೆ ಸರಿದು, ಅದೇ ನಾಟಕದ ಅದೇ ಪಾರ್ಟುಗಳನ್ನು ಕಂಪನಿ ಸೇರಿ ಇನ್ನೂ ಏಳು ವರ್ಷ ದಾಟದ ಹುಡುಗಿಯರಿಗೆ ಬಿಟ್ಟುಕೊಡುತ್ತಾರೆ. ಏಳು ತುಂಬಿದರೆ ಆ ಬಾಗಿಲು ಮುಚ್ಚಿತು. ತೋಯಾಳಿಗೆ ಇದು ಏಳನೆಯ ವರ್ಷ, ಇದು ಕೊನೆಯ ಆಟ. ಈ ಸಲವೂ ಲಗಾಮೋ ದೀಪವೋ ಸಿಕ್ಕಿದ್ದರೆ ಮುಂದೆಯೂ ಅವೇ ಗತಿ. ಸಿಕ್ಕಿದ್ದು ರಾಜನ ಪಾರ್ಟು. ತಿಂಗಳಿಡೀ ಹೆಣ ಹೊತ್ತವಳು ಒಂದು ಸಂಜೆ ತಾನೇ ಹೆಣವಾಗಿ ಮಲಗಬಹುದು ಎಂದಾಯಿತು.

ಸಂಘದವರು ಹಿಸಾನೋ ಅವರಿಗೆ ಒಂದು ಕೆಲಸ ಒಪ್ಪಿಸಿದರು. ರಾಜ ಮೊದಲ ಸಲ ಬೆಳಕಿಗೆ ಬಂದಾಗ ಮೊದಲ ಚಪ್ಪಾಳೆ ಅವರದು. ಅವರು ತಟ್ಟುವವರೆಗೆ ಬೇರೆ ಯಾರೂ ತಟ್ಟುವಂತಿಲ್ಲ. ಮೊದಲೇ ಬಿದ್ದರೆ ಹುಡುಗಿ ಬೆಚ್ಚುತ್ತಾಳೆ, ತಡವಾದರೆ ಜನಕ್ಕೆ ತಾನು ಹಿಡಿಸಲಿಲ್ಲ ಎಂದುಕೊಳ್ಳುತ್ತಾಳೆ, ಗಂಟಲು ಒಡೆಯುತ್ತದೆ. ಒಂದು ವಾರ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದಿನ ನಡುವೆ ಆಗಾಗ ಒಂದೊಂದು ಒಂಟಿ ಚಪ್ಪಾಳೆ ಕೇಳಿಸುತ್ತಿತ್ತು. ಗಿರಾಕಿಗಳು ಸೊಳ್ಳೆ ಎಂದುಕೊಂಡರು.

ಎಳೆಯರ ಆಟದ ಸಂಜೆಗೂ ತೊಮಿಯೆಯ ಸೊಂಟ ಏಳಲಿಲ್ಲ.

"ಅಳಿಯಂದ್ರೇ" ಎಂದರು ಹಿಸಾನೋ, ಕುರ್ಚಿಯಲ್ಲಿ ಕೂರುವ ಮೊದಲು, "ನಿಮ್ಮ ಕೈ ಎಲ್ಲಿ?"

"ಇಲ್ಲೇ ಇವೆ ಅತ್ತೆ."

"ಅವುಗಳ ಮೇಲೆ ಕೂತ್ಕೊಳ್ಳಿ."

"ತಮಾಷೆ ಮಾಡ್ತೀರಾ?"

"ನಾನು ಯಾವಾಗ ಮಾಡಿದ್ದೀನಿ?"

ಮಾಡಿದ್ದು ಅವನಿಗೂ ನೆನಪಿರಲಿಲ್ಲ. ಐವತ್ತೆರಡರ ಗಂಡಸು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

ಪರದೆ ಎದ್ದಿತು. ಹಿಂದೆ ಎತ್ತರದ ಮೆಟ್ಟಿಲು, ಕತ್ತಲೆ, ವಾದ್ಯ. ಬೆಳಕು ಬಿತ್ತು. ಬಿಳಿಯ ಉಡುಪಿನಲ್ಲಿ ರಾಜ ನಿಂತಿದ್ದ. ಉದ್ದನೆಯ ಕತ್ತು ನೋಡಿ ಮಸಾಯೊಶಿಗೆ ಗುರುತು ಹತ್ತಿತು.

ಚಪ್ಪಾಳೆ ಬೀಳಲಿಲ್ಲ.

ಅವನು ಓರೆಗಣ್ಣಲ್ಲಿ ನೋಡಿದ. ಹಿಸಾನೋ ಅವರ ಎರಡು ಕೈಗಳೂ ಮಡಿಲಲ್ಲಿದ್ದವು, ಯಾರೋ ಮರೆತು ಬಿಟ್ಟುಹೋದ ಕೈಗವಸುಗಳಂತೆ. ಬಾಯಿ ಸ್ವಲ್ಪ ತೆರೆದಿತ್ತು. ಸ್ಕಾರ್ಫಿನ ಸಾಲುಗಳೆಲ್ಲ ಅವರ ಕಡೆ ನೋಡುತ್ತ ಕೈ ಎತ್ತಿ ಹಿಡಿದು ಕಾಯುತ್ತಿದ್ದವು. ಮೇಲೆ ರಾಜ ಒಂದು ಮೆಟ್ಟಿಲು ಇಳಿದ, ಎರಡನೆಯದನ್ನು ಇಳಿಯುವ ಮೊದಲು ಕಾಲು ತಡೆಯಿತು. ಹಾಡು ಶುರುವಾಗಲು ಇನ್ನು ಒಂದೆರಡು ಉಸಿರು ಬಾಕಿ.

ಮಸಾಯೊಶಿ ಕೈಗಳನ್ನು ಎಳೆದ. ಎರಡೂ ಜೋಮು ಹಿಡಿದಿದ್ದವು. ಹೇಗೋ ಎತ್ತಿ ಒಂದಕ್ಕೊಂದು ಬಡಿದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು. ತಪ್ಪಾಗಿದ್ದರೆ ಇನ್ನು ಈ ಊರಿನಲ್ಲಿ ಗೀಸರ್ ರಿಪೇರಿಗೂ ಯಾರೂ ಕರೆಯುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಇಡೀ ನಾಟಕಶಾಲೆ ಮೇಲೆ ಬಿದ್ದಂತೆ ತಟ್ಟಿತು.

ರಾಜ ಎರಡನೆಯ ಮೆಟ್ಟಿಲು ಇಳಿದ. ಹಾಡಿನ ಮೊದಲ ಸಾಲಿನಲ್ಲಿ ದನಿ ಒಂದು ಕೂದಲೆಳೆಯಷ್ಟು ಬಿರುಕುಬಿಟ್ಟಿತು. ಎರಡನೆಯ ಸಾಲಿಗೆ ಅದು ತೆರೆದುಕೊಂಡಿತು, ಆಮೇಲೆ ಹಿಂತಿರುಗಿ ನೋಡಲಿಲ್ಲ. ಪ್ರೀತಿಸಿದ, ಯುದ್ಧ ಮಾಡಿದ, ಸತ್ತ. ಬೇರೆ ನಾಲ್ವರು ಹುಡುಗಿಯರು ಪೆಟ್ಟಿಗೆ ಹೊತ್ತು ತಂದಾಗ ಮಸಾಯೊಶಿ ತಾನಾಗಿಯೇ ಕೈಗಳ ಮೇಲೆ ಕುಳಿತ. ಕೊನೆಯಲ್ಲಿ ತೋಯಾ ಪರದೆಯ ಮುಂದೆ ಬಂದು ಎಲ್ಲರಿಗೂ ವಂದನೆ ಹೇಳಲು ಹೊರಟು, ಅರ್ಧಕ್ಕೆ ಮರೆತು, ತಲೆಬಾಗಿ ತಲೆಬಾಗಿ ಒಳಗೆ ಹೋದಳು. ಹಿಸಾನೋ ಆಗ ತಟ್ಟಿದರು. ನಿಲ್ಲಿಸಲು ಅಳಿಯನೇ ತೋಳು ಮುಟ್ಟಬೇಕಾಯಿತು.

ನಿಲ್ದಾಣದ ಹತ್ತಿರ ನಿಂತು ಇಬ್ಬರೂ ಬಿಸಿ ಊದೋನ್ ಶಾವಿಗೆ ತಿಂದರು. ಬಟ್ಟಲಿನ ಹಬೆಯಲ್ಲಿ ಅತ್ತೆಯ ಕೆನ್ನೆ ಕೆಂಪಾಗಿತ್ತು, ಕಣ್ಣೂ. ಅವರು ತಳದ ಸಾರನ್ನೂ ಬಿಡದೆ ಕುಡಿದು ಬಟ್ಟಲು ಕೆಳಗಿಟ್ಟರು. ಇಷ್ಟು ವರ್ಷಗಳ ಮೇಲೆ ಒಂದು ಕೈ ಮೇಲಾಗಿದ್ದ ಅಳಿಯನಿಗೆ ಸುಮ್ಮನಿರಲು ಆಗಲಿಲ್ಲ.

"ಅಲ್ಲ ಅತ್ತೆ, ಅಷ್ಟು ಹೊತ್ತಾದ್ರೂ ನೀವು ಚಪ್ಪಾಳೆ ಯಾಕೆ ತಟ್ಟಲಿಲ್ಲ?"

ಹಿಸಾನೋ ಸ್ಕಾರ್ಫನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಚಿದರು.

"ನಮ್ಮ ಮನೇಲಿ ಹೆಣ ಬಂದ ಮೇಲೆ ತಾನೇ ತಟ್ಟೋದು?"