ಬೇವಿನ ಬುಡದ ಸುಳ್ಳು

ನನ್ನ ತಮ್ಮನ ಸಮಾಧಿ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಅವ್ವನಿಗೆ ಹೇಳುತ್ತಲೇ ಇದ್ದೆ. ಅದನ್ನು ಬರೆದುಬಿಡಬೇಕೆಂದು ಕುಳಿತಿದ್ದೇನೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತವಳು ನಾನು. ಬರೆದು ರೂಢಿಯಿಲ್ಲ.

ತಮ್ಮ ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಿದ್ದ. ಭಾನುವಾರ ಹೊಸಪೇಟೆಯ ನಮ್ಮ ಚರ್ಚಿನಲ್ಲಿ ಢೋಲಕ್ ಬಾರಿಸುತ್ತಿದ್ದ. ಒಂದು ಮಧ್ಯಾಹ್ನ ಗುಡ್ಡದ ತಿರುವಿನಲ್ಲಿ ಲಾರಿ ಮಗುಚಿತು. ಬೆಳಿಗ್ಗೆ ನನ್ನ ಜೊತೆ ಜಗಳ ತೆಗೆದು ಬುತ್ತಿಗೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಹೋದವನು ಮರುದಿನ ಪೆಟ್ಟಿಗೆಯಲ್ಲಿದ್ದ. ಅವ್ವ ಆಗ ತೊಡೆಯ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದಳು. ಪೆಟ್ಟಿಗೆ ಹೊಸ್ತಿಲು ದಾಟುವುದನ್ನು ಮಲಗಿದಲ್ಲಿಂದಲೇ ನೋಡಿ, ನನ್ನ ಕೈ ಹಿಡಿದು, ನನ್ನ ಪಾಲಿನ ಮಣ್ಣೂ ನೀನೇ ಹಾಕು ಎಂದಳು.

ನಾನು ಹಾಕಲಿಲ್ಲ.

ಸ್ಮಶಾನದ ಗೇಟಿನ ಹತ್ತಿರ ಪೆಟ್ಟಿಗೆ ಇಳಿಸಿದಾಗ ಚರ್ಚಿನ ಹುಡುಗರು, ತಮ್ಮನ ಜೊತೆಗಾರರು, ಹಾಡು ಎತ್ತಿದರು. ಅಳುವ ಹಾಡಲ್ಲ. ಸಾವು ಸೋತಿತು, ಕ್ರಿಸ್ತ ಎದ್ದ ಎನ್ನುವ ಹಾಡು. ತಮ್ಮನ ಢೋಲಕ್ಕನ್ನೇ ಒಬ್ಬ ಕೊರಳಿಗೆ ಹಾಕಿಕೊಂಡಿದ್ದ. ಮೇಲೆ ಚಪ್ಪಾಳೆ ಬೇರೆ. ನನ್ನ ತಮ್ಮ ಒಳಗೆ ಚೂರುಚೂರಾಗಿ ಮಲಗಿದ್ದಾನೆ, ಇವರು ತಾಳ ಹಾಕುತ್ತಿದ್ದಾರೆ.

“ಮದುವಿ ಮಾಡಾಕ ಬಂದೀರೇನು?” ಎಂದು ಕೂಗಿದೆ.

ಢೋಲಕ್ ನಿಂತಿತು. ನಮ್ಮ ಚರ್ಚಿನ ಪಾದ್ರಿ, ಸಭಾಪಾಲಕರು, ಏನೋ ಹೇಳಲು ಹತ್ತಿರ ಬಂದರು. ನಾನು ತಿರುಗಿ ನಡೆದುಬಿಟ್ಟೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅದೇ ಹಾಡು ಮತ್ತೆ ಶುರುವಾಯಿತು. ಕಿವಿ ಮುಚ್ಚಿಕೊಂಡು ಹೋಗಿ ಕಾಲುವೆ ದಂಡೆಯಲ್ಲಿ ಕೂತೆ.

ಮನೆಗೆ ಹೋದಾಗ ಅವ್ವ ಕೇಳಿದ್ದು ಮಣ್ಣು ಹಾಕಿದೆಯಾ ಎಂದು. ಹಾಕಿದೆ ಎಂದೆ. ಎಲ್ಲಿ ಮಲಗಿಸಿದರು ಎಂದಳು. ಬೇವಿನ ಗಿಡದ ಬುಡಕ್ಕೆ ಎಂದೆ. ಗೇಟಿನಿಂದ ನನಗೆ ಕಂಡಿದ್ದು ಆ ಗಿಡ ಒಂದೇ.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಬಿಸಿಲು ಏರಿದ ದಿನ, ನೆರಳು ಅವನ ತಲೆ ಕಡೆ ಬೀಳುತ್ತದೋ ಕಾಲ ಕಡೆಯೋ ಎಂದು ಅವ್ವ ಕೇಳುವಳು. ತಲೆ ಕಡೆ ಎನ್ನುವೆ. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದಾ ಎನ್ನುವಳು. ಇಲ್ಲ, ಎತ್ತರದ ಜಾಗ ಎನ್ನುವೆ. ಅಷ್ಟು ಕೇಳಿ ಕಣ್ಣು ಮುಚ್ಚಿ ನಿದ್ದೆ ಹೋಗುತ್ತಿದ್ದಳು. ಬಂದು ಹೋಗುವ ಜನ ನನ್ನ ಕೂಗಾಟವನ್ನು ಸಂಕಟದ ಮಾತೆಂದು ಮರೆತುಬಿಟ್ಟು, ಅವಳ ಮುಂದೆ ಬಾಯಿ ಬಿಡಲಿಲ್ಲ. ನಾನು ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ಅವ್ವನನ್ನು ನೋಡಿಕೊಳ್ಳಬೇಕು ಎನ್ನುವ ನೆಪ ಇತ್ತು.

ಮುಂದಿನ ಈಸ್ಟರಿಗೆ ಅವ್ವ ಕೋಲು ಹಿಡಿದು ನಡೆಯುವಷ್ಟಾದಳು. ನಮ್ಮಲ್ಲಿ ಈಸ್ಟರಿನ ಬೆಳಗಿನ ಆರಾಧನೆ ಸ್ಮಶಾನದಲ್ಲೇ ನಡೆಯುತ್ತದೆ. ಹಿಂದಿನ ದಿನ ಮನೆಮನೆಯವರು ಹೋಗಿ ತಮ್ಮವರ ಸಮಾಧಿಗೆ ಸುಣ್ಣ ಬಳಿಯುತ್ತಾರೆ. ನಸುಕಿಗೆ ಮೇಣದಬತ್ತಿ ಹಚ್ಚಿ, ಹೊತ್ತು ಮೂಡುವ ತನಕ ಹಾಡುತ್ತಾರೆ. ಅವ್ವ ನನ್ನನ್ನು ಸುಣ್ಣಕ್ಕೆ ಕಳಿಸಿದಳು.

ಬಕೆಟ್ಟು ಹಿಡಿದು ಹೋದೆ. ತಮ್ಮನನ್ನು ಹುಡುಕಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನಾನು ಹುಡುಕಿದ್ದು ನನ್ನ ಸುಳ್ಳಿಗೆ ಹೊಂದುವ ಸಮಾಧಿಯನ್ನು. ಬೇವಿನ ಬುಡದಲ್ಲಿ ಹುಲ್ಲು ಮುಚ್ಚಿದ, ಹೆಸರಿಲ್ಲದ್ದೊಂದು ಸಿಕ್ಕಿತು. ಹುಲ್ಲು ಕಿತ್ತು, ಕಲ್ಲು ಕಾಣದ ಹಾಗೆ ಸುಣ್ಣ ಹೊಡೆದೆ. ಚೆನ್ನಾಗಿಯೇ ಹೊಡೆದೆ.

ನಸುಕಿನಲ್ಲಿ ಅವ್ವನನ್ನು ಆಟೋದಲ್ಲಿ ಕರೆತಂದೆ. ಅವಳು ಆ ಸಮಾಧಿಯ ಪಕ್ಕ ಕೂತು, ಮೇಣದಬತ್ತಿ ನಿಲ್ಲಿಸಿ, ಅಂಗೈಯಿಂದ ಕಲ್ಲು ಸವರಿದಳು. ಮಗನನ್ನು ಕೂಸಿದ್ದಾಗ ಕರೆಯುತ್ತಿದ್ದ ಹಾಗೆ ಕರೆದಳು. ನಾನು ನೋಡಲಾಗದೆ ಗೇಟಿನ ಕಡೆ ಮುಖ ಮಾಡಿದೆ. ಆಗ ಹಾಡು ಎದ್ದಿತು. ಮೊದಲ ಸಾಲಿಗೇ ಗುರುತು ಸಿಕ್ಕಿತು. ಅವತ್ತು ಪೆಟ್ಟಿಗೆಯ ಮುಂದೆ ಹಾಡಿದ ಹಾಡೇ, ಅದೇ ತಾಳ.

ಅಷ್ಟರಲ್ಲಿ ಕಂಪ್ಲಿಗೆ ಮದುವೆ ಮಾಡಿ ಕೊಟ್ಟಿದ್ದ ನಮ್ಮೂರ ಹೆಂಗಸೊಬ್ಬಳು ಹೂವಿನ ಪುಡಿಕೆ ಹಿಡಿದು ಬಂದು ನಮ್ಮ ಮುಂದೆ ನಿಂತಳು. ಸಮಾಧಿ ನೋಡಿದಳು, ಅವ್ವನನ್ನು ನೋಡಿದಳು.

“ಅವ್ವಾರ, ಇದು ನಮ್ಮಪ್ಪಂದರಿ.”

“ಇಲ್ಲವ್ವ, ನನ್ನ ಮಗಂದು. ಬೇವಿನ ಬುಡಕ ಅಂತ ನನ್ನ ಮಗಳು ಹೇಳ್ಯಾಳ. ಆಕಿನ ಮಣ್ಣು ಹಾಕ್ಯಾಳ.”

ಆ ಹೆಂಗಸು ಮಾತು ಬೆಳೆಸಲಿಲ್ಲ. ಬಗ್ಗಿ ಉಗುರಿನಿಂದ ಕಾಲ ಕಡೆಯ ಸುಣ್ಣ ಕೆರೆದಳು. ಕೆಳಗೆ ಕೊರೆದ ಅಕ್ಷರ ಇದ್ದವು. ನಾನು ಬರಿ ತಲೆಯ ಕಡೆ ಹೆಸರು ಹುಡುಕಿದ್ದೆ. ಅವ್ವ ನನ್ನ ಕಡೆ ತಿರುಗಿದಳು.

“ಎಲ್ಲೈತಿ?”

“ಗೊತ್ತಿಲ್ಲವ್ವ.”

“ಮಣ್ಣು?”

“ಗೇಟಿನಾಗಿಂದನ ಹೊಳ್ಳಿ ಹೋದೆ. ಒಳಗ ಬರಲೇ ಇಲ್ಲ.”

ಸುತ್ತ ಜನ ಹಾಡುತ್ತಲೇ ಇದ್ದರು. ಕಂಪ್ಲಿಯ ಹೆಂಗಸಿಗೆ ನಮ್ಮಿಬ್ಬರ ಮುಖ ನೋಡಿ ಏನು ಅನ್ನಿಸಿತೋ, ಸಣ್ಣ ದನಿಯಲ್ಲಿ ಅಂದಳು: “ನಮ್ಮಪ್ಪಗ ಇದ್ದಾಗ ಯಾರೂ ಒಂದು ಕಪ್ ಚಾ ಕೊಡಿಸಲಿಲ್ಲರಿ. ಈಗ ನೋಡ್ರಿ, ಪುಕ್ಕಟೆ ಸುಣ್ಣ ಹೊಡಿಸಿಕೊಂಡು, ಅಳಾಕ ಮಂದಿನೂ ಕರ್ಕೊಂಡಾನ.”

ಅವ್ವ ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ, ಹೊಟ್ಟೆಯೊಳಗಿಂದ ನಗು ಬಂತು. ಮಗ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ.

ಢೋಲಕ್ ಬಾರಿಸುತ್ತಿದ್ದ ಹುಡುಗ ನಮ್ಮನ್ನು ಗಮನಿಸಿ ಬಂದ. ನನ್ನನ್ನು ಏನೂ ಕೇಳದೆ ಅವ್ವನ ಕೈ ಹಿಡಿದು ಹಿಂದಿನ ಗೋಡೆಯ ಕಡೆ ನಡೆಸಿದ. ಅಲ್ಲಿ ತಮ್ಮ ಇದ್ದ. ಬೆಳ್ಳಗೆ ಸುಣ್ಣ, ನೀಲಿ ಬಣ್ಣದಲ್ಲಿ ದೊಡ್ಡದಾಗಿ ಅವನ ಹೆಸರು. ನೀವು ಬರಲಾರದ ಪರಿಸ್ಥಿತಿಯಲ್ಲಿದ್ದೀರಿ ಅಂದುಕೊಂಡು ನಾವೇ ಬಳಿದೆವು ಎಂದ. ಹಿಂದಿನ ದಿನ ನಾನು ನಿಂತಿದ್ದ ಜಾಗದಿಂದ ತಲೆ ಎತ್ತಿದ್ದರೂ ಆ ಹೆಸರು ಕಾಣುತ್ತಿತ್ತು. ನನಗೂ ಓದಲು ಬರುವಂಥ ಅಕ್ಷರ.

ಅವತ್ತು ಹಾಗೆ ಕೂಗಿದ್ದು ತಪ್ಪಾಯಿತು ಎಂದೆ. ಸಾವಿನ ಮನೆಯಲ್ಲಿ ಚಪ್ಪಾಳೆ ಹೇಗೆ ತಟ್ಟಿದಿರಿ ಎನ್ನುವುದು ಇನ್ನೂ ಅರ್ಥವಾಗಿಲ್ಲ ಎಂದೂ ಹೇಳಿದೆ. ಅವನು ನೆಲ ನೋಡುತ್ತಾ ಅಂದ:

“ಅಳಕೋಂತನ ಹಾಡಿದ್ವಿ ಅಕ್ಕ. ನೀವು ನಮ್ಮ ಮುಖ ನೋಡಲಿಲ್ಲ. ಚಪ್ಪಾಳಿ ಹೊಡೀಲಿಲ್ಲಂದ್ರ ಕೈ ನಡುಗ್ತಿದ್ದುವು, ಪೆಟ್ಟಿಗಿ ಹಿಡಿಯಾಕ ಬರ್ತಿದ್ದಿಲ್ಲ. ಎದ್ದು ಬರ್ತಾನ ಅಂತ ನಂಬಿದ್ದಕ್ಕ ಮಣ್ಣು ಹಾಕಾಕರೆ ಆತು.”

ಅವನು ಹಾಡಿಗೆ ವಾಪಸ್ ಹೋದ. ಅವ್ವ ಗೋಡೆಗೆ ಆನಿಕೊಂಡು ನಿಂತು, ಬಿಕ್ಕುತ್ತಲೇ ಎಲ್ಲರ ಜೊತೆ ದನಿ ಸೇರಿಸಿದಳು. ದುಃಖ ಒಂದು ಕಡೆ, ಸಂತೋಷ ಇನ್ನೊಂದು ಕಡೆ ಎಂದು ಬೇರೆ ಮಾಡಲು ಬರುವ ಹಾಗಿರಲಿಲ್ಲ ಆ ದನಿ. ನನಗೆ ಅದನ್ನು ಕೇಳಲಾಗಲಿಲ್ಲ. ಆಟೋ ಕರೆಯುವ ನೆಪದಲ್ಲಿ ಸೆರಗು ಸರಿಮಾಡಿಕೊಂಡು ಹೊರಟೆ.

“ನಿಂದ್ರು,” ಎಂದಳು ಅವ್ವ, ನನ್ನ ಕಡೆ ನೋಡದೆ. “ಈ ಸಲ ಹೋಗಬ್ಯಾಡ.”

ನಿಂತೆ. ಬಾಯಿಂದ ಒಂದು ಸಾಲೂ ಹೊರಡಲಿಲ್ಲ. ಹೊತ್ತು ಮೂಡಿ, ಹಾಡು ಮುಗಿದು, ಜನ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿಕೊಳ್ಳುವ ತನಕ ತಮ್ಮನ ಮುಂದೆಯೇ ನಿಂತಿದ್ದೆ. ಮನೆಗೆ ಬಂದ ಮೇಲೆ ಅವ್ವ ಭಾಳ ದಿನ ನನ್ನ ಜೊತೆ ಮಾತಾಡಲಿಲ್ಲ.