‘ಹಂಗೇ ಮಾಡಮ್ಮ’ ಅಂದದ್ದು ಯಾವ ಮಾತಿಗೆ?

ಆ ದಿನ ಬೆಳಿಗ್ಗೆ ನಲ್ಲಿ ನೀರು ಹಿಡಿದು, ಅವ್ವನಿಗೆ ಬಿ.ಪಿ. ಮಾತ್ರೆ ಕೊಟ್ಟು, ರೊಟ್ಟಿ ತಟ್ಟಿ, ಗಂಡನ ಅಂಗಿಗೆ ಗುಂಡಿ ಹೊಲಿದು ಚಳ್ಳಕೆರೆಯ ಆಫೀಸಿಗೆ ಹೋದೆ. ಹೋದ ವರ್ಷದ ಮಾತು. ನೇಕಾರರಿಗಾಗಿ ನಮ್ಮ ಸಂಸ್ಥೆ ನಡೆಸುವ ಆನ್‌ಲೈನ್ ಚರ್ಚೆಯ ಆ್ಯಪ್ ನೋಡಿಕೊಳ್ಳುವುದು ನನ್ನ ಕೆಲಸ. ಮಗ್ಗದ ತೊಂದರೆ ಒಬ್ಬರು ಕೇಳಿದರೆ ನೂರಾರು ಜನ ಉತ್ತರಿಸುತ್ತಾರೆ. ಆಗೆಲ್ಲ ಉತ್ತರಗಳು ಬಂದ ಹೊತ್ತಿನ ಪ್ರಕಾರ ಒಂದರ ಕೆಳಗೊಂದು ಬೀಳುತ್ತಿದ್ದವು.

ಕುರ್ಚಿಯಲ್ಲಿ ಕೂರುವ ಮೊದಲೇ ಮೊಳಕಾಲ್ಮೂರಿನ ನಾಗಮ್ಮನ ಫೋನು. ಅರ್ಧ ನೇಯ್ದ ರೇಷ್ಮೆ ಸೀರೆಯಲ್ಲಿ ಬೇರೆ ಬಣ್ಣದ ಪಟ್ಟೆ ಬಿದ್ದಿತ್ತು. ಹಿಂದಿನ ದಿನ ಫೋಟೊ ಹಾಕಿ ಪರಿಹಾರ ಕೇಳಿದ್ದಳು.

“ಅಕ್ಕಾ, ಕತ್ತರಿ ಕೈಯಾಗೈತೆ. ವೆಂಕಟಪ್ಪಜ್ಜ ಹಂಗೇ ಮಾಡಮ್ಮ ಅಂದವ್ರೆ. ಕತ್ತರಿಸ್ಲಾ?”

“ತಡಿಯವ್ವ. ನಾನು ಹೇಳೋಗಂಟ ಮುಟ್ಟಬೇಡ.”

ಚರ್ಚೆ ತೆರೆದೆ. ಮೊದಲು ಒಬ್ಬರು ‘ಪಟ್ಟೆಯವರೆಗೆ ಎಳೆ ಬಿಚ್ಚಿ’ ಎಂದಿದ್ದರು, ಅದರ ಕೆಳಗೆ ಇನ್ನೊಬ್ಬರು ‘ಕತ್ತರಿಸಿ ಹೊಸದಾಗಿ ಶುರು ಮಾಡಿ’ ಎಂದಿದ್ದರು. ಹಿರಿಯ ನೇಕಾರ ವೆಂಕಟಪ್ಪಜ್ಜನ ಧ್ವನಿ ಸಂದೇಶ ತೆಲುಗಿನಲ್ಲಿತ್ತು: ‘ಅಟ್ಲೇ ಚೆಯ್ಯಮ್ಮಾ’, ಹಾಗೇ ಮಾಡಮ್ಮ ಎಂದು. ಅದು ಕತ್ತರಿಸುವ ಮಾತಿನ ಕೆಳಗೇ ಕೂತಿತ್ತು. ನಿತ್ಯ ಅದೇ ಪರದೆ ನೋಡುವ ನನಗೂ ಅದು ಯಾವುದಕ್ಕೆ ಉತ್ತರವೆಂದು ತಿಳಿಯಲಿಲ್ಲ. ಅಜ್ಜ ಫೋನ್ ಎತ್ತಲಿಲ್ಲ. ಅವರೂ ನಾಗಮ್ಮನ ಊರಿನವರೇ, ಮೊಳಕಾಲ್ಮೂರಿನ ಬಸ್ ಹತ್ತಿದೆ.

ಅಜ್ಜ ಮನೆಯಲ್ಲೇ ಇದ್ದರು. “ಕತ್ತರಿಸು ಅಂತ ನಾನ್ಯಾಕಂತೀನಿ? ಬಿಚ್ಚು ಅಂದವ್ನಿಗೆ ಹಂಗೇ ಅಂದೆ. ನಡುವೆ ಯಾವನೋ ತೂರಿಕೊಂಡ್ರೆ ನಾನೇನ್ ಮಾಡ್ಲಿ?”

ಇಬ್ಬರೂ ನಾಗಮ್ಮನ ಮನೆಗೆ ಹೋದೆವು. ಎಳೆ ಬಿಚ್ಚಲು ಕೂತ ಅಜ್ಜ ನನ್ನತ್ತ ನೋಡಿದರು. “ಸೀರೆ ನಾವು ಬಿಚ್ಕೋತೀವಿ. ನೀನು ಆ ಫೋನ್‌ನಾಗಿನ ಸಿಕ್ಕು ಬಿಚ್ಚು.”

ಬಿಚ್ಚಲೇಬೇಕೆಂದು ಹಠ ಹಿಡಿದೆ. ನಮ್ಮ ಪ್ರೋಗ್ರಾಮರ್ ನಾಗರಾಜ ಮೊದಲು ಪ್ರತಿ ಉತ್ತರವನ್ನೂ ಅದು ಯಾವ ಮಾತಿಗೆ ಬಂದಿತೋ ಆ ಮಾತಿನ ಕೆಳಗೆ ಸ್ವಲ್ಪ ಬಲಕ್ಕೆ ಸರಿಸಿ ಇಟ್ಟ. ಚಿಕ್ಕ ಫೋನಿನಲ್ಲಿ ಸರಿದೂ ಸರಿದೂ ಸಾಲಿಗೆ ಎರಡೇ ಅಕ್ಷರ ಉಳಿದವು. “ಏನಕ್ಕಾ ಇದು, ಉಡಿದಾರದಂಗಾಗೈತೆ” ಎಂದಳು ನಾಗಮ್ಮ. ಎರಡನೆಯ ಪ್ರಯತ್ನದಲ್ಲಿ ಉತ್ತರದ ತಲೆಯ ಮೇಲೆ ಹಳೆಯ ಮಾತಿನ ತುಣುಕು ಸೇರಿಸಿದೆವು. ಆಗ ಯಾವುದು ಯಾರ ಮಾತೆಂದೇ ಗೊಂದಲವಾಯಿತು. ಮೂರನೆಯದರಲ್ಲಿ ಪ್ರಶ್ನೆಯ ಫೋಟೊ ಮೇಲೆ ನಿಲ್ಲುತ್ತದೆ, ಒಂದೊಂದು ಸಲಹೆಗೂ ಒಂದೊಂದು ಪುಟ. ಆ ಪುಟ ತೆರೆಯದೆ ಅದಕ್ಕೆ ಉತ್ತರಿಸಲು ಆಗದು.

“ಒಂದು ಮಾತಿಗೆ ಎರಡು ಸಲ ಒತ್ತಬೇಕಾ?” ಅಜ್ಜ ಗೊಣಗಿದರು.

“ಹೂಂ ಅಜ್ಜ, ಒತ್ತಲೇಬೇಕು.”

ಯಾವ ಉತ್ತರ ಯಾವ ಮಾತಿಗೆಂದು ಹೇಳಿದವರನ್ನೇ ಕೇಳಿ ಜೋಡಿಸಿ, ಹಳೆಯ ಚರ್ಚೆಯನ್ನೇ ಹೊಸ ರೂಪದಲ್ಲಿ ನಾಗಮ್ಮನ ಕೈಗೆ ಕೊಟ್ಟೆ. ಯಾರನ್ನೂ ಕೇಳದೆ ಅಜ್ಜನ ಧ್ವನಿ ಹುಡುಕಿ ಒತ್ತಿದಳು. “ಬಿಚ್ಚು ಅನ್ನೋದಕ್ಕೇ ಹೇಳವ್ರೆ” ಎಂದಳು. ಅಷ್ಟರಲ್ಲಿ ಆ ಸೀರೆ ಮಗ್ಗದಿಂದ ಇಳಿದಿತ್ತು, ಪಟ್ಟೆಯ ಗುರುತೂ ಇರಲಿಲ್ಲ.

ಒಳ್ಳೆಯ ಸಲಹೆ ಇದ್ದರಷ್ಟೇ ಸಾಲದು, ಅದು ಯಾವ ಮಾತಿಗೆ ಬಂದದ್ದೆಂದು ಕತ್ತರಿ ಹಿಡಿದವರಿಗೆ ಕಾಣಬೇಕು ಎಂಬುದನ್ನು ಕೆಲಸ ಕಲಿಸಿತು. ಹೊಸ ರೂಪ ತೋರಿಸಿ ಬಂದ ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಅವ್ವ ಟಿ.ವಿ. ನೋಡುತ್ತಿದ್ದಳು, ಮೊದಲು ನಿದ್ದೆ ಹೋದವಳು ನಾನೇ.